ಯಾವ ಮೋಡ ಮಳೆ ತರುತ್ತದೆ?

ಪ್ರಶ್ನೆ: ಏಪ್ರಿಲ್‌ನಲ್ಲಿ ಮಧ್ಯಾಹ್ನ ಹತ್ತಿಯಂಥ ಮೋಡ ಏಳುತ್ತದೆ. ಒಂದು ದಿನ ಮಳೆ, ಇನ್ನೊಂದು ದಿನ ಇಲ್ಲ. ಮೊದಲೇ ತಿಳಿಯೋದು ಹೇಗೆ?
– ಓದುಗರೊಬ್ಬರು, ತುಮಕೂರು

ಉತ್ತರ: ಅಗಲ ಬಿಡಿ, ಎತ್ತರ ನೋಡಿ. ಅದು ಕ್ಯುಮುಲಸ್ ಮೋಡ. ತಳ ಚಪ್ಪಟೆ, ಗಾತ್ರ ಚಿಕ್ಕದು ಅಂದ್ರೆ ಧೈರ್ಯವಾಗಿ ಹಪ್ಪಳ ಒಣಗಿಸಿ. ಅದೇ ಮೋಡ ಹೂಕೋಸಿನ ಹಾಗೆ ಉಬ್ಬುತ್ತಾ ಉಬ್ಬುತ್ತಾ ಮೇಲೇರಿ, ತಳ ಕಪ್ಪಾಗಿ, ನೆತ್ತಿ ಕೊಡೆ ಬಿಚ್ಚಿದಂತೆ ಹರಡಿತೋ, ಅದು ಕ್ಯುಮುಲೋನಿಂಬಸ್, ಮಳೆ ತರುವ ಮೋಡ. ನಮ್ಮ ಕಡೆ 12 ಕಿಲೋಮೀಟರ್‌ಗೂ ಜಾಸ್ತಿ ಎತ್ತರ ಬೆಳೆಯುತ್ತದೆ. ಒಳಗೆ ಮಂಜಿನ ಹರಳುಗಳು ಒಂದಕ್ಕೊಂದು ತಾಕಿ ವಿದ್ಯುತ್ ಹುಟ್ಟುತ್ತದೆ, ಸಿಡಿಲು ಬರೋದು ಅದರಿಂದಲೇ. ತಣ್ಣನೆ ಗಾಳಿ ಮಣ್ಣಿನ ವಾಸನೆ ತಂದರೆ ಹತ್ತಿರದಲ್ಲೇ ಎಲ್ಲೋ ಮಳೆ ಬಿದ್ದಿದೆ ಅಂತ ತಿಳಿಯಿರಿ. ಆಗ ದಯವಿಟ್ಟು ಮರದಡಿ ನಿಲ್ಲಬೇಡಿ, ಮನೆಯೊಳಗೆ ಬನ್ನಿ. ತುಂಬಾ ಮೇಲೆ ಕೋಳಿಪುಕ್ಕದಂತೆ ಕಾಣುವ ಸಿರಸ್ ಮೋಡದಿಂದ ಮಾತ್ರ ಒಂದು ಹನಿಯೂ ನೆಲ ಮುಟ್ಟುವುದಿಲ್ಲ.