ಅವ್ವನ ಮಂಚದ ಪಕ್ಕದಲ್ಲಿ ಎದ್ದ ಪ್ರಶ್ನೆ

ಗದಗ-ಬೆಟಗೇರಿಯ ನೇಕಾರರ ಓಣಿಯೊಂದರಿಂದ ನನ್ನ ಬಳಿ ಆಪ್ತಸಮಾಲೋಚನೆಗೆ ಬಂದಿದ್ದ 41 ವರ್ಷದ ಅವಿವಾಹಿತ ಮಹಿಳೆಯ ಪ್ರಕರಣವಿದು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಮೊದಲ ಭೇಟಿಯ ದಿನ ಅವರು ಕುರ್ಚಿಯ ತುದಿಯಲ್ಲಿ ಕುಳಿತು ಮೂರು ಸಲ ಗಡಿಯಾರ ನೋಡಿದರು. ಪಕ್ಕದ ಮನೆಯವರನ್ನು ಅವ್ವನ ಬಳಿ ಕೂರಿಸಿ ಬಂದಿದ್ದರಿಂದ ಅವರಿಗೆ ಇದ್ದದ್ದು ಒಂದೇ ತಾಸು.

ಹನ್ನೊಂದು ವರ್ಷಗಳ ಹಿಂದೆ ತಾಯಿಗೆ ಲಕ್ವಾ ಹೊಡೆದು ಬಲಭಾಗ ಸ್ವಾಧೀನ ಕಳೆದುಕೊಂಡಿತು. ಅದಕ್ಕೂ ಮೊದಲೇ, ತಂದೆಯ ಕೈಮಗ್ಗದ ಆದಾಯ ಇಳಿದಾಗ, ಇವರು ಬಿ.ಎ. ಎರಡನೆಯ ವರ್ಷಕ್ಕೆ ಓದು ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದರು. ತಂದೆ ತೀರಿಕೊಂಡಿದ್ದಾರೆ. ಅಣ್ಣ ಹುಬ್ಬಳ್ಳಿಯಲ್ಲಿದ್ದಾರೆ, ತಮ್ಮ ಬೆಂಗಳೂರಿನಲ್ಲಿ. ಬ್ಲೌಸ್ ಹೊಲಿಗೆ, ಫಾಲ್-ಪಿಕೋ ಕೆಲಸದಿಂದ ಮನೆ ನಡೆಯುತ್ತದೆ. ಇಂಥ ಪ್ರಕರಣಗಳಲ್ಲಿ ಮೊದಲು ಕೇಳಲೇಬೇಕಾದ ಪ್ರಶ್ನೆಯನ್ನು ನಾನು ಸುತ್ತಿಬಳಸದೆ ಕೇಳಿದೆ. ಅವರ ಉತ್ತರ ಹೀಗಿತ್ತು: "ಸಾಯಬೇಕು ಅಂತ ಅನಿಸಿಲ್ರೀ ಅಕ್ಕಾರ. ಆದ್ರ ಬದುಕೂದು ಯಾತಕ್ಕ ಅಂತ ಗೊತ್ತಾಗವಲ್ದು."

ಒಂಬತ್ತು ಪ್ರಶ್ನೆಗಳ ಖಿನ್ನತೆಯ ಪ್ರಶ್ನಾವಳಿಯಲ್ಲಿ 27ಕ್ಕೆ ಅವರ ಅಂಕ 11 ಬಂದಿತು. ಇದು ಮಧ್ಯಮ ಪ್ರಮಾಣವಾದ್ದರಿಂದ, ಬದುಕಿನ ಅರ್ಥದ ಮಾತು ಎತ್ತುವ ಮುನ್ನ ದೇಹವನ್ನು ನೋಡುವುದು ಅಗತ್ಯವೆಂದು ತಿಳಿದು, ಜಿಮ್ಸ್ (ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ) ಆಸ್ಪತ್ರೆಯಲ್ಲಿ ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಮನೋವೈದ್ಯರನ್ನೂ ಒಮ್ಮೆ ಕಂಡು ಬರುವಂತೆ ಹೇಳಿದೆ. ರಕ್ತಹೀನತೆ ಕಂಡುಬಂದು ಅದಕ್ಕೆ ಔಷಧ ಆರಂಭವಾಯಿತು. ರಾತ್ರಿಯ ಹೊತ್ತು ಮನಸ್ಸು ತಡೆಯದಂತಾದರೆ ಹಗಲಿರುಳೂ ಕನ್ನಡದಲ್ಲಿ ಮಾತನಾಡಬಹುದಾದ ಟೆಲಿ-ಮಾನಸ್ ಸಹಾಯವಾಣಿ 14416ನ್ನು ಅವರ ಫೋನಿನಲ್ಲಿ ನಾನೇ ಉಳಿಸಿಕೊಟ್ಟೆ.

ಎರಡನೆಯ ಭೇಟಿಯಲ್ಲಿ ನಾನು ಎಡವಿದೆ. ಓದು ಅರ್ಧಕ್ಕೆ ನಿಂತದ್ದೇ ಅವರ ಕೊರಗಿನ ಮೂಲವೆಂದು ಊಹಿಸಿ, ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಮೂಲಕ ಪದವಿ ಮುಗಿಸುವ ದಾರಿಯನ್ನು ಉತ್ಸಾಹದಿಂದ ವಿವರಿಸಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, "ಪರೀಕ್ಷಾಕ್ಕ ಹೋದ ದಿನ ಅವ್ವನ್ನ ಯಾರು ಹೊಳ್ಳಸ್ತಾರ್ರಿ?" ಎಂದಷ್ಟೇ ಕೇಳಿದರು. ಹಾಸಿಗೆ ಹಿಡಿದವರಿಗೆ ಬೆನ್ನಿನಲ್ಲಿ ಹುಣ್ಣಾಗದಂತೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು ಎಂಬುದು ನನಗೆ ಗೊತ್ತಿದ್ದ ಸಂಗತಿಯೇ ಆಗಿತ್ತು. ಆದರೆ ಅವರ ದಿನವನ್ನು ಆ ಲೆಕ್ಕದಲ್ಲಿ ನಾನು ನೋಡಿರಲಿಲ್ಲ. ಮುಂದಿನ ಭೇಟಿಗೆ ಅವರು ಬರಲಿಲ್ಲ. ಫೋನ್ ಮಾಡಿದಾಗ, ಆ ದಿನ ನಳಕ್ಕೆ ನೀರು ಬಿಟ್ಟಿದ್ದರು ಎಂದರು. ಹಲವು ದಿನಗಳಿಗೊಮ್ಮೆ ನೀರು ಬರುವ ಈ ಊರಿನಲ್ಲಿ ಅದು ನೆಪವಲ್ಲ. ಆದರೂ ಕಾರಣ ಅದೊಂದೇ ಇರಲಿಕ್ಕಿಲ್ಲ ಎನಿಸಿ, ಅವರ ಅನುಮತಿ ಕೇಳಿ ನಾನೇ ಮನೆಗೆ ಹೋದೆ.

ಕುಣಿಮಗ್ಗದ ಕುಣಿಯ, ಅಂದರೆ ನೇಕಾರರು ಕಾಲು ಇಳಿಬಿಟ್ಟು ಕೂರುವ ಗುಂಡಿಯ, ಮೇಲೆ ಹಲಗೆ ಹಾಸಿ, ಅದರ ಮೇಲೆಯೇ ತಾಯಿಯ ಮಂಚ ಹಾಕಿದ್ದರು. ಪಕ್ಕದಲ್ಲಿ ಹೊಲಿಗೆ ಯಂತ್ರ. ಅದರ ಹಿಡಿಕೆಗೆ ನೇತುಹಾಕಿದ್ದ ಹಸಿರು ವಾಯರ್ ಚೀಲದ ತುಂಬ ಆಧಾರ್ ಕಾರ್ಡು, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕುಗಳ ಝೆರಾಕ್ಸ್ ಪ್ರತಿಗಳಿದ್ದವು. ಒಂದೊಂದು ಮನೆಯ ಕಾಗದಗಳಿಗೆ ಒಂದೊಂದು ಟಾಚಣಿ ಚುಚ್ಚಿ, ಮೇಲೆ ಚೀಟಿ ಅಂಟಿಸಿ, ಕೊರತೆಯಿರುವ ದಾಖಲೆಯ ಹೆಸರನ್ನು ದುಂಡಗಿನ ಅಕ್ಷರದಲ್ಲಿ ಬರೆದಿಟ್ಟಿದ್ದರು. ಓಣಿಯ ಹೆಂಗಸರಿಗೆ ಗೃಹಲಕ್ಷ್ಮಿಯ 2,000 ರೂಪಾಯಿ ನಿಂತುಹೋದರೆ, 65 ದಾಟಿದವರ ಸಂಧ್ಯಾ ಸುರಕ್ಷಾ ವೇತನಕ್ಕೆ ಅರ್ಜಿ ಬರೆಯಬೇಕಾದರೆ, ಅವರು ಬರುವುದು ಇಲ್ಲಿಗೇ. ಇದರ ಬಗ್ಗೆ ಎರಡು ಭೇಟಿಗಳಲ್ಲಿ ಅವರು ಒಂದು ಮಾತನ್ನೂ ಆಡಿರಲಿಲ್ಲ. ಇದೂ ಒಂದು ಹೊರೆಯೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಇದನ್ನ ಮಾಡುವಾಗ ಗಡಿಯಾರ ನೋಡಂಗಿಲ್ರಿ" ಎಂದರು.

ಸಂಬಂಧಿಕರು ಅವರಿಗೆ ವರ್ಷಗಳಿಂದ ಹೇಳುತ್ತ ಬಂದದ್ದು ಒಂದೇ ಮಾತು: ಹೆತ್ತವ್ವನ ಸೇವೆ ಮಾಡುವ ಪುಣ್ಯ ಎಲ್ಲರಿಗೂ ಸಿಗುವುದಿಲ್ಲ. ಈ ಮಾತು ಸುಳ್ಳೆಂದು ನಾನು ಹೇಳಲಾರೆ. ತಾಯಿಯ ಮೇಲಿನ ಅವರ ಪ್ರೀತಿ ಕಣ್ಣಿಗೆ ಕಾಣುವಂತಿತ್ತು. ಆದರೆ ಹಾಗೆ ಹೇಳಿದವರಲ್ಲಿ ಒಬ್ಬರೂ ಒಂದು ದಿನವಾದರೂ ಆ ಪುಣ್ಯದಲ್ಲಿ ಪಾಲು ಕೇಳಿರಲಿಲ್ಲ. ನಾಜಿ ಸೆರೆಶಿಬಿರಗಳಿಂದ ಬದುಕಿ ಬಂದ ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕಲ್ ಬದುಕಿಗೆ ಅರ್ಥ ದೊರೆಯುವ ಮೂರು ದಾರಿಗಳನ್ನು ಗುರುತಿಸಿದರು: ನಾವು ಮಾಡುವ ಕೆಲಸ, ನಾವು ಪಡೆಯುವ ಪ್ರೀತಿ ಮತ್ತು ಅನುಭವ, ತಪ್ಪಿಸಲಾಗದ ಕಷ್ಟದೆದುರು ನಾವು ತಳೆಯುವ ನಿಲುವು. ಮೂರನೆಯದರಲ್ಲಿ 'ತಪ್ಪಿಸಲಾಗದ' ಎಂಬ ಪದವನ್ನು ಬಿಡುವಂತಿಲ್ಲ. ತಪ್ಪಿಸಬಹುದಾದ ಕಷ್ಟವಾದರೆ ಅದರ ಕಾರಣವನ್ನು ನಿವಾರಿಸುವುದೇ ಸರಿ ಎಂದು ಅವರೇ ಸ್ಪಷ್ಟಪಡಿಸಿದ್ದಾರೆ. ತಾಯಿಯ ಲಕ್ವಾ ತಪ್ಪಿಸಲಾಗದ್ದು. ಮೂವರು ಮಕ್ಕಳಿರುವಾಗ ಆರೈಕೆಯೆಲ್ಲ ಒಬ್ಬರ ಮೇಲೆಯೇ ಬಿದ್ದಿರುವುದು ಅಂಥದ್ದಲ್ಲ.

ಆದ್ದರಿಂದ ನಾನು ಕೊಟ್ಟ ಮುಖ್ಯ ಸಲಹೆ, ಅರ್ಥವನ್ನು ಹುಡುಕುವ ಮುನ್ನ ಹೊರೆಯನ್ನು ಅಳೆಯಿರಿ ಎಂಬುದಾಗಿತ್ತು. ಒಂದು ವಾರದ ದಿನಚರಿಯನ್ನು ತಾಸುಗಳ ಲೆಕ್ಕದಲ್ಲಿ ಬರೆಯಿಸಿದೆ. ಅಣ್ಣನೊಡನೆ ಮಾತನಾಡುವಾಗ "ಸ್ವಲ್ಪ ಸಹಾಯ ಮಾಡು" ಎನ್ನದೆ, ದಿನ ಮತ್ತು ಹೊತ್ತನ್ನು ಹೆಸರಿಸಿ ಕೇಳಬೇಕೆಂದು ಹೇಳಿ, ಆ ಮಾತನ್ನು ನನ್ನೆದುರು ಆಡಿ ಅಭ್ಯಾಸ ಮಾಡಿಸಿದೆ. ಮೊದಮೊದಲು ಅವರ ಬಾಯಿಂದ ಬರುತ್ತಿದ್ದದ್ದು ಕ್ಷಮೆ ಕೇಳುವ ಧ್ವನಿ; ನಾಲ್ಕನೆಯ ಸಲಕ್ಕೆ ಅದು ಸರಿಹೋಯಿತು. ಹೆತ್ತವರ ಪಾಲನೆಯ ಹೊಣೆ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮನಾಗಿ ಇದೆಯೆಂದು 2007ರ ಹಿರಿಯ ನಾಗರಿಕರ ಕಾಯಿದೆ ಹೇಳುತ್ತದೆ ಎಂಬುದನ್ನು ತಿಳಿಸಿದೆ. ಕಾಯಿದೆಯ ದಾರಿ ಹಿಡಿಯಲು ಅವರಿಗೆ ಮನಸ್ಸಿರಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಆದರೆ ತಾನು ಭಿಕ್ಷೆ ಬೇಡುತ್ತಿಲ್ಲ ಎಂಬ ಅರಿವು ಅದರಿಂದ ಬಂತೆಂದು ಅವರೇ ಹೇಳಿದರು.

ಫಲ ಅರ್ಧಮರ್ಧವಾಗಿ ಸಿಕ್ಕಿತು. ತಿಂಗಳಿಗೆ ಎರಡು ಭಾನುವಾರ ಕೇಳಿದ್ದಕ್ಕೆ ಅಣ್ಣ ಒಂದಕ್ಕೆ ಒಪ್ಪಿದರು. ವೈನಿ ಮೊದಲ ಸಲ ಮುಖ ಗಂಟಿಕ್ಕಿಕೊಂಡು ಬಂದರೂ, ಸಂಜೆಗೆ ನಾದಿನಿಯ ಕೈಯಲ್ಲಿ ಹಣ್ಣಿನ ಚೀಲ ಇಟ್ಟು ಹೋದರಂತೆ. ತಮ್ಮ ಕಳುಹಿಸುವ ಹಣದಿಂದ ವಾರಕ್ಕೆ ಮೂರು ಮಧ್ಯಾಹ್ನ ಓಣಿಯ ಹೆಂಗಸೊಬ್ಬರು ತಾಯಿಯ ಬಳಿ ಕೂರುತ್ತಾರೆ, ಹಣ ತಡವಾದ ತಿಂಗಳು ಆ ಮಧ್ಯಾಹ್ನಗಳೂ ತಪ್ಪುತ್ತವೆ. ಬಿಡುವಿನ ಹೊತ್ತಿನಲ್ಲಿ ಏನು ಮಾಡಬೇಕೆಂದು ಈ ಸಲ ನಾನು ಸೂಚಿಸಲಿಲ್ಲ. ಮೊದಲ ಎರಡು ಮಧ್ಯಾಹ್ನ ಅವರು ನಿದ್ದೆ ಮಾಡಿದರು. ಮೂರನೆಯ ಸಲ ವಾಯರ್ ಚೀಲ ಹಿಡಿದು, ವೇತನ ನಿಂತುಹೋಗಿದ್ದ ಮುದುಕಿಯೊಬ್ಬರನ್ನು ಕರೆದುಕೊಂಡು ತಹಶೀಲ್ದಾರರ ಕಚೇರಿಗೆ ಹೋದರು. ಅದುವರೆಗೆ ಅರ್ಜಿ ಬರೆದುಕೊಟ್ಟು ಕಳಿಸುತ್ತಿದ್ದ ಅವರು ತಾವೇ ಕಿಟಕಿಯ ಮುಂದೆ ನಿಂತದ್ದು ಅದೇ ಮೊದಲು. ಈಗ ಬರೆದುಕೊಡಲು ಇಪ್ಪತ್ತು ರೂಪಾಯಿ ತೆಗೆದುಕೊಳ್ಳುತ್ತಾರೆ. ಇದನ್ನು ಹೇಳುವಾಗ ನಾಚಿಕೊಂಡರು. ತೆಗೆದುಕೊಳ್ಳಬೇಕು ಎಂದೆ.

ಆರು ತಿಂಗಳ ನಂತರದ ಭೇಟಿಯಲ್ಲಿ ಪ್ರಶ್ನಾವಳಿಯ ಅಂಕ 6ಕ್ಕೆ ಇಳಿದಿತ್ತು. ಅವ್ವನ ನಂತರ ತಾನೇನು ಎಂಬ ಪ್ರಶ್ನೆಯನ್ನು ಆ ದಿನ ಅವರಾಗಿಯೇ ಎತ್ತಿದರು, ಅತ್ತರು ಕೂಡ. ಅದಕ್ಕೆ ನನ್ನ ಬಳಿ ಸಿದ್ಧ ಉತ್ತರವಿರಲಿಲ್ಲ. ಇನ್ನು ಮುಂದಿನ ಭೇಟಿಗಳಲ್ಲಿ ಅದನ್ನೇ ಮಾತಾಡೋಣವೆಂದೆ. ಹೊರಡುವಾಗ ದಿನ ಗೊತ್ತುಪಡಿಸಲು ಕೇಳಿದಾಗ, ನೀರು ಬಿಡುವ ದಿನ ನೋಡಿಕೊಂಡು ಫೋನ್ ಮಾಡುತ್ತೇನೆ ಎಂದರು.