ಮ್ಯಾನೇಜರ್ ಬದಲಾದರೆ ತಂಡ ಯಾಕೆ ಬದಲಾಗುತ್ತದೆ ಅಂತ ಕೇಳಿದ ತಮ್ಮನಿಗೆ

ತಮ್ಮಾ,

ನೀನು ಬರೆದಿದ್ದು ಓದಿದೆ. ಸನ್ನಿವೇಲ್‌ಗೆ ಬಂದು ಇನ್ನೂ ಹೊಸದು, ಬಾಡಿಗೆ, ಕಾರು, ಊಟ ಎಲ್ಲದರ ಬಗ್ಗೆಯೂ ಕೇಳಿದ್ದೀಯ. ಕೊನೆಯಲ್ಲಿ ಹೀಗೆ ಬರೆದಿದ್ದೀಯ: "ಅಕ್ಕಾ, ಆಫೀಸಿನಲ್ಲಿ ಊಟದ ಹೊತ್ತಿಗೆ ಎಲ್ಲರೂ ಜೈಂಟ್ಸ್ ಬೇಸ್‌ಬಾಲ್ ಟೀಮಿನ ಬಗ್ಗೆಯೇ ಮಾತಾಡ್ತಾರೆ. ಕಾಲೇಜಿನಿಂದ ಯಾರೋ ಹೊಸ ಮ್ಯಾನೇಜರ್ ಬಂದಿದ್ದಾರಂತೆ, ಇನ್ನು ಅರ್ಧ ಟೀಮ್ ಬದಲಾಗುತ್ತಂತೆ. ಆಟಗಾರರು ಅವರೇ ಅಲ್ವಾ, ಮ್ಯಾನೇಜರ್ ಬದಲಾದರೆ ಟೀಮ್ ಯಾಕೆ ಬದಲಾಗಬೇಕು? ನಮ್ಮ ಗುಂಪಿಗೂ ಹೊಸ ಮ್ಯಾನೇಜರ್ ಬರ್ತಿದ್ದಾರೆ, ಅದಕ್ಕೇ ಕೇಳಿದೆ."

ಬೇರೆಯದಕ್ಕೆಲ್ಲ ಬೇಗ ಹೇಳಿಬಿಡುತ್ತೇನೆ. ಬಾಡಿಗೆ ಜಾಸ್ತಿಯೇ, ಅದಕ್ಕೆ ಯಾರ ಹತ್ತಿರವೂ ಮದ್ದಿಲ್ಲ. ಮೊದಲ ವರ್ಷ ಯಾರ ಜೊತೆಯಾದರೂ ಮನೆ ಹಂಚಿಕೊಂಡು ಇರು. ಕಾರು ಹಳೆಯದೇ ಸಾಕು. ಊಟಕ್ಕೆ ಯೋಚನೆ ಬೇಡ, ಗಟ್ಟಿ ಅವಲಕ್ಕಿ, ತೆಳು ಅವಲಕ್ಕಿ ಎರಡೂ ಸಿಗುತ್ತವೆ. ಕುಕ್ಕರ್ ಅಮ್ಮನೇ ಕಟ್ಟಿ ಕಳಿಸಿರುತ್ತಾರೆ. ಕನ್ನಡ ಕೂಟದ ಕಾರ್ಯಕ್ರಮ ಇದ್ದಾಗ ಹೋಗು, ಶನಿವಾರ ಭಾನುವಾರ ಒಬ್ಬನೇ ಮನೆಯಲ್ಲಿ ಕೂರಬೇಡ.

ನಿನ್ನ ಕೊನೆಯ ಪ್ರಶ್ನೆಗೆ ಮಾತ್ರ ಪುರುಸೊತ್ತು ಮಾಡಿಕೊಂಡು ಬರೆಯುತ್ತಿದ್ದೇನೆ.

ನಾನು ಬಂದಿದ್ದು 2010ರ ಶರತ್ಕಾಲದಲ್ಲಿ. ಎಲ್ಲಿ ನೋಡಿದರೂ ಕಿತ್ತಳೆ, ಕಪ್ಪು ಬಣ್ಣ. ಜೈಂಟ್ಸ್ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದ ಮೇಲೆ ಮೊದಲ ಬಾರಿಗೆ ವರ್ಲ್ಡ್ ಸೀರೀಸ್, ಅಂದರೆ ವರ್ಷದ ಕೊನೆಯ ಫೈನಲ್, ಗೆದ್ದ ವರ್ಷ ಅದು. ನನಗೆ ಆಟದ ಗಂಧಗಾಳಿ ಇರಲಿಲ್ಲ. ನನ್ನ ಪಕ್ಕದ ಸೀಟಿನ ಹಿರಿಯರೊಬ್ಬರು ಕೂರಿಸಿಕೊಂಡು ಹೇಳಿಕೊಟ್ಟರು. ಅವರು ಮೊದಲು ಹೇಳಿದ್ದೇ ಬ್ಯಾರಿ ಝೀಟೋ ಕತೆ. ಏಳು ವರ್ಷಕ್ಕೆ 126 ಮಿಲಿಯನ್ ಡಾಲರ್ ಕೊಟ್ಟು ತಂದ ಪಿಚರ್, ಅಂದರೆ ನಮ್ಮ ಬೌಲರ್ ಥರ ಚೆಂಡು ಎಸೆಯುವವನು. ಆ ವರ್ಷ ಪ್ಲೇಆಫ್ ಶುರುವಾದಾಗ ಮ್ಯಾನೇಜರ್ ಬ್ರೂಸ್ ಬೋಚಿ ಕೊಟ್ಟ ಪಟ್ಟಿಯಲ್ಲಿ ಅವನ ಹೆಸರೇ ಇರಲಿಲ್ಲ. ಕೊನೆಯ ಪಂದ್ಯದವರೆಗೂ ಇರಲಿಲ್ಲ. ಅಷ್ಟು ದುಡ್ಡು ತಗೊಳ್ಳುವವನು ಅಷ್ಟು ದೊಡ್ಡ ಪಂದ್ಯಗಳಿಗೆ ಕೈಕಟ್ಟಿ ಕೂತು ನೋಡಬೇಕು. ಕೇಳಿ ನನಗೆ ದಿಗಿಲಾಯಿತು.

ನಮ್ಮ ಕ್ರಿಕೆಟ್‌ನಲ್ಲಿ ಟೀಮ್ ಮ್ಯಾನೇಜರ್ ಅಂದರೆ ಹೋಟೆಲ್, ಬಸ್ಸು ನೋಡಿಕೊಳ್ಳುವವರು. ಇಲ್ಲಿ ಹಾಗಲ್ಲ. ಬೇಸ್‌ಬಾಲ್ ಮ್ಯಾನೇಜರ್ ಆಟಗಾರರ ಹಾಗೇ ಯೂನಿಫಾರ್ಮ್ ಹಾಕಿಕೊಂಡು ಬೆಂಚಿನ ಹತ್ತಿರ ಇರುತ್ತಾರೆ. ಯಾರು ಆಡಬೇಕು, ಯಾವ ಕ್ರಮದಲ್ಲಿ ಬ್ಯಾಟ್ ಹಿಡಿಯಬೇಕು, ಪಿಚರ್‌ನನ್ನು ಯಾವಾಗ ತೆಗೆಯಬೇಕು, ಎಲ್ಲ ಅವರದೇ ತೀರ್ಮಾನ. ಒಮ್ಮೆ ಹೊರಗೆ ಬಂದವನು ಆ ಪಂದ್ಯದಲ್ಲಿ ಮತ್ತೆ ಆಡುವ ಹಾಗಿಲ್ಲ. ಆಟಗಾರರನ್ನು ಕೊಳ್ಳುವುದು, ಮಾರುವುದು ಮಾತ್ರ ಮೇಲಿನ ಆಫೀಸಿನವರ ಕೆಲಸ. ಆದರೆ ಮ್ಯಾನೇಜರ್ ಹೇಗೆ ಆಡಿಸುತ್ತಾರೋ ಅದಕ್ಕೆ ತಕ್ಕವರನ್ನೇ ಅವರು ತರಬೇಕಲ್ಲ? ನಿನ್ನ ಪ್ರಶ್ನೆಗೆ ಉತ್ತರ ಅಲ್ಲಿಂದ ಶುರುವಾಗುತ್ತದೆ.

ಒಂದು ಲೆಕ್ಕ ಹೇಳುತ್ತೇನೆ. ತಂಡದಲ್ಲಿ 26 ಜನ. ಅದರಲ್ಲಿ ಪಿಚರ್‌ಗಳು 13ಕ್ಕಿಂತ ಜಾಸ್ತಿ ಇರಬಾರದು. ಉಳಿದ 13ರಲ್ಲಿ ಒಂಬತ್ತು ಜನ ಬ್ಯಾಟ್ ಮಾಡುತ್ತಾರೆ. ಬೆಂಚಿನಲ್ಲಿ ನಾಲ್ವರು. ನಮ್ಮ ಕೀಪರ್ ಥರ ಬ್ಯಾಟರ್ ಹಿಂದೆ ಕೂರುವವನು ಕ್ಯಾಚರ್, ಅಂಥ ಎರಡನೆಯವನು ಒಬ್ಬ ಇರಲೇಬೇಕು. ಅಲ್ಲಿಗೆ ಉಳಿದಿದ್ದು ಮೂರೇ ಜಾಗ. ಈ ಮೂರು ಜಾಗದಲ್ಲಿ ಮ್ಯಾನೇಜರ್ ಎಂಥವರು ಅನ್ನುವುದು ಎದ್ದು ಕಾಣುತ್ತದೆ. ದಿನವೂ ಅದೇ ಒಂಬತ್ತು ಜನರನ್ನು ಆಡಿಸುವವರಾದರೆ, ಬೆಂಚಿಗೆ ಚೆನ್ನಾಗಿ ಓಡುವವನು, ಚೆನ್ನಾಗಿ ಫೀಲ್ಡಿಂಗ್ ಮಾಡುವವನು ಸಾಕು. ಎದುರಿನ ಪಿಚರ್ ಎಡಗೈಯೋ ಬಲಗೈಯೋ ಅಂತ ನೋಡಿ ಬ್ಯಾಟರ್‌ಗಳನ್ನು ಬದಲಾಯಿಸುವವರಾದರೆ, ಬೆಂಚಿನ ತುಂಬ ಬ್ಯಾಟರ್‌ಗಳೇ ಬೇಕು. ಪಿಚರ್‌ನನ್ನು ಬೇಗ ಬೇಗ ತೆಗೆಯುವವರಾದರೆ, ಉಳಿದ ಪಿಚರ್‌ಗಳು ದಣಿಯುತ್ತಾರೆ, ವಾರಕ್ಕೊಬ್ಬ ಹೊಸಬನನ್ನು ಕೆಳಗಿನ ತಂಡದಿಂದ ತರಿಸಿಕೊಳ್ಳುತ್ತಲೇ ಇರಬೇಕು. ಜೈಂಟ್ಸ್‌ನ ಕೆಳಗಿನ ತಂಡ ಸ್ಯಾಕ್ರಮೆಂಟೋದಲ್ಲಿದೆ. ಹೊಸ ಹುಡುಗರು ಆ ದಾರಿಯಲ್ಲಿ ಹೋಗಿ ಬಂದು ಹೋಗಿ ಬಂದು ಸುಸ್ತಾಗುತ್ತಾರೆ. ಅದಕ್ಕೇ 2022ರಿಂದ ಒಬ್ಬನನ್ನು ವರ್ಷಕ್ಕೆ ಐದು ಸಲಕ್ಕಿಂತ ಜಾಸ್ತಿ ಹಾಗೆ ಕೆಳಗೆ ಕಳಿಸಬಾರದು ಅಂತ ನಿಯಮ ಬಂತು.

ಬೋಚಿ ಮೊದಲನೇ ಥರದವರು. 2007ರಿಂದ 2019ರವರೆಗೆ ಇಲ್ಲಿ ಮ್ಯಾನೇಜರ್ ಆಗಿದ್ದರು. ಅನುಭವಸ್ಥರ ಮೇಲೆ ಭರವಸೆ ಜಾಸ್ತಿ. ಯಾರಿಗೆ ಯಾವ ಕೆಲಸ ಅಂತ ಗೊತ್ತು ಮಾಡಿಬಿಟ್ಟರೆ ಸುಮ್ಮನೆ ಬದಲಾಯಿಸುತ್ತಿರಲಿಲ್ಲ. ಪಿಚರ್‌ಗಳ ವಿಷಯದಲ್ಲಿ ಮಾತ್ರ ತುಂಬ ಸೂಕ್ಷ್ಮ. 2010ರ ಜುಲೈ ಕೊನೆಯಲ್ಲಿ ಹಾವಿಯೇರ್ ಲೋಪೆಸ್ ಅನ್ನುವ ಎಡಗೈ ಪಿಚರ್‌ನನ್ನು ತಂದರು. ಪಕ್ಕದಿಂದ ಕೈ ಬೀಸಿ ಎಸೆಯುವವನು, ಎಡಗೈ ಬ್ಯಾಟರ್‌ಗಳಿಗೆ ಅವನೆಂದರೆ ಕಷ್ಟ. ಅವನ ಮುಖ್ಯ ಕೆಲಸ ಅದೊಂದೇ. ಎಷ್ಟೋ ಸಲ ಒಬ್ಬ ಬ್ಯಾಟರ್‌ಗಾಗಿ ಬಂದು, ಅವನನ್ನು ಔಟ್ ಮಾಡಿ, ವಾಪಸ್ ಹೋಗಿ ಕೂರುತ್ತಿದ್ದ. ಆ ವರ್ಷ ಫಿಲಡೆಲ್ಫಿಯಾ ತಂಡದ ದೊಡ್ಡ ದೊಡ್ಡ ಎಡಗೈ ಬ್ಯಾಟರ್‌ಗಳನ್ನು ಕಟ್ಟಿಹಾಕಿದ್ದು ಅವನೇ. ಅಷ್ಟು ಸಣ್ಣ ಕೆಲಸಕ್ಕೆ ಒಂದು ಜಾಗ ಕೊಡುವುದು ಎಲ್ಲ ಮ್ಯಾನೇಜರ್‌ಗಳಿಂದ ಆಗದು. ಬೋಚಿ ಕೊಟ್ಟರು, ಅದಕ್ಕೇ ಆಫೀಸಿನವರೂ ಹುಡುಕಿ ತಂದರು. 2020ರಲ್ಲಿ ನಿಯಮವೇ ಬದಲಾಯಿತು. ಪಿಚರ್ ಬಂದರೆ ಕನಿಷ್ಠ ಮೂವರು ಬ್ಯಾಟರ್‌ಗಳಿಗೆ ಎಸೆಯಬೇಕು, ಇಲ್ಲ ಆ ಸರದಿ ಮುಗಿಸಬೇಕು. ಲೋಪೆಸ್ ಥರದವರಿಗೆ ಈಗ ಎಲ್ಲೂ ಜಾಗ ಇಲ್ಲ.

ಝೀಟೋ ಏನಾದ ಅಂತ ಕೇಳುತ್ತೀಯ. ಬೋಚಿ ಅವನನ್ನು ಕೈಬಿಟ್ಟಿರಲಿಲ್ಲ. 2012ರಲ್ಲಿ ಸೇಂಟ್ ಲೂಯಿಸ್ ವಿರುದ್ಧ ತಂಡ ಒಂದಕ್ಕೆ ಮೂರು ಪಂದ್ಯ ಹಿಂದಿತ್ತು. ಇನ್ನೊಂದು ಸೋತರೆ ಮನೆಗೆ. ಆ ದಿನ ಚೆಂಡು ಕೊಟ್ಟಿದ್ದು ಝೀಟೋ ಕೈಗೆ. ಅವನು ಒಂದು ರನ್ನೂ ಬಿಟ್ಟುಕೊಡದೆ ಎಂಟನೇ ಇನ್ನಿಂಗ್ಸ್‌ವರೆಗೆ ಎಸೆದ. ಆಮೇಲೆ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯವನ್ನೂ ಗೆದ್ದುಕೊಟ್ಟ. ಅದೇ ಹೊತ್ತಿಗೆ, ವರ್ಷದ ಉತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು ಎರಡು ಸಲ ಗೆದ್ದಿದ್ದ ಟಿಮ್ ಲಿನ್ಸೆಕಮ್‌ಗೆ ಬೋಚಿ ಬುಲ್‌ಪೆನ್ ತೋರಿಸಿದರು, ಅಂದರೆ ಮಧ್ಯದಲ್ಲಿ ಬಂದು ಎಸೆಯುವವರ ಸಾಲಿಗೆ. ಅವನೂ ಅಲ್ಲಿಂದಲೇ ಬಂದು ಚೆನ್ನಾಗಿ ಎಸೆದ. ಈ ಎರಡು ತೀರ್ಮಾನ ನೆನೆದಾಗೆಲ್ಲ ನನಗೆ ಆ ಮನುಷ್ಯನ ಮೇಲೆ ಗೌರವ ಬರುತ್ತದೆ. ಪಟ್ಟಿಯಿಂದ ಬಿಟ್ಟವನನ್ನು ಮನಸ್ಸಿನಿಂದ ಬಿಟ್ಟಿರಲಿಲ್ಲ.

2020ಕ್ಕೆ ಗೇಬ್ ಕ್ಯಾಪ್ಲರ್ ಬಂದರು. ಮೇಲಿನ ಆಫೀಸಿನಲ್ಲಿ ಆಗ ಫರ್ಹಾನ್ ಝೈದಿ. ಕೆನಡಾದಲ್ಲಿ ಹುಟ್ಟಿ ಫಿಲಿಪ್ಪೀನ್ಸ್‌ನಲ್ಲಿ ಬೆಳೆದ ಪಾಕಿಸ್ತಾನಿ ಮೂಲದವರು. ನಮ್ಮ ಕಡೆಯ ಹೆಸರು ಅಷ್ಟು ಮೇಲೆ ಕಂಡಿದ್ದಕ್ಕೆ ಇಲ್ಲಿ ನಮ್ಮವರಿಗೆಲ್ಲ ಹೆಮ್ಮೆ ಇತ್ತು. ಇಬ್ಬರದೂ ಒಂದೇ ದಾರಿ. ದಿನಕ್ಕೊಂದು ಲೈನಪ್. ಎದುರು ಬಲಗೈ ಪಿಚರ್ ಇದ್ದರೆ ಎಡಗೈ ಬ್ಯಾಟರ್‌ಗಳು, ಎಡಗೈ ಪಿಚರ್ ಬಂದ ಕೂಡಲೇ ಅವರ ಬದಲು ಬಲಗೈಯವರು. ಹೀಗೆ ಆಡಿಸಬೇಕಾದರೆ ದೊಡ್ಡ ಹೆಸರಿನ ಒಬ್ಬನ ಬದಲು ಅರ್ಧರ್ಧ ಕೆಲಸಕ್ಕೆ ಒಗ್ಗುವ ಇಬ್ಬರು ಬೇಕು. ಅಂಥವರನ್ನೇ ಹುಡುಕಿದರು. ಕೊರಿಯಾದಲ್ಲಿ ಆಡುತ್ತಿದ್ದ ಡ್ಯಾರಿನ್ ರಫ್ ಬಂದ. ಮಿನೆಸೋಟಾಗೆ ಬೇಡವಾಗಿದ್ದ ಲಮಾಂಟ್ ವೇಡ್ ಬಂದ. ನಾಲ್ಕೈದು ಜಾಗದಲ್ಲಿ ಫೀಲ್ಡಿಂಗ್ ಮಾಡಬಲ್ಲವನಿಗೆ ಬೆಲೆ ಬಂತು.

ನಮ್ಮ ಕ್ರಿಕೆಟ್‌ನಲ್ಲೂ ಹೀಗೆ ಆಗಿದ್ದುಂಟು. 2003ರ ವಿಶ್ವಕಪ್ ಹೊತ್ತಿಗೆ ನೀನು ಚಿಕ್ಕವನು. ಗಂಗೂಲಿಗೆ ಒಬ್ಬ ಬ್ಯಾಟ್ಸ್‌ಮನ್ ಜಾಸ್ತಿ ಬೇಕಿತ್ತು, ಅದಕ್ಕೆ ನಮ್ಮ ದ್ರಾವಿಡ್ ಕೀಪಿಂಗ್ ಗ್ಲೌಸ್ ಹಾಕಿಕೊಂಡರು. ಕೀಪಿಂಗೇ ಕಸುಬಾಗಿದ್ದ ಪಾರ್ಥಿವ್ ಪಟೇಲ್ ಇಡೀ ಟೂರ್ನಿ ಒಂದು ಪಂದ್ಯವೂ ಆಡದೆ ಕೂತ. ಪಾರ್ಥಿವ್ ಕೆಟ್ಟ ಕೀಪರ್ ಅಂತ ಅದರ ಅರ್ಥ ಅಲ್ಲ.

2021ರಲ್ಲಿ ಜೈಂಟ್ಸ್ 107 ಪಂದ್ಯ ಗೆದ್ದರು. ತಂಡದ ಇತಿಹಾಸದಲ್ಲೇ ಅದು ದಾಖಲೆ. ಬೆಂಚಿನಿಂದ ಎದ್ದು ಬಂದವರೇ ಆ ವರ್ಷ 18 ಹೋಮ್ ರನ್, ನಮ್ಮ ಸಿಕ್ಸರ್ ಥರದವು, ಹೊಡೆದರು. ವರ್ಷದ ಉತ್ತಮ ಮ್ಯಾನೇಜರ್ ಪ್ರಶಸ್ತಿ ಕ್ಯಾಪ್ಲರ್‌ಗೆ ಸಿಕ್ಕಿತು. ಮರುವರ್ಷ 81 ಗೆಲುವು, 81 ಸೋಲು. ಅದರ ಮುಂದಿನ ವರ್ಷ, 2023ರಲ್ಲಿ, ಇನ್ನು ಮೂರು ಪಂದ್ಯ ಇರುವಾಗಲೇ ಅವರನ್ನು ಕಳಿಸಿಬಿಟ್ಟರು. ಅದೇ ವರ್ಷ ನವೆಂಬರ್ 1ಕ್ಕೆ ಬೋಚಿ ಟೆಕ್ಸಸ್ ತಂಡದ ಮ್ಯಾನೇಜರ್ ಆಗಿ ಮತ್ತೆ ವರ್ಲ್ಡ್ ಸೀರೀಸ್ ಗೆದ್ದರು. ಬೋಚಿ ಸರಿ, ಕ್ಯಾಪ್ಲರ್ ತಪ್ಪು ಅಂತ ಇಲ್ಲಿ ತುಂಬ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕ್ಯಾಪ್ಲರ್ ಇಲ್ಲದಿದ್ದರೆ ವೇಡ್, ರಫ್ ಥರದವರ ಹೆಸರನ್ನು ಈ ಊರು ಕೇಳುತ್ತಲೇ ಇರಲಿಲ್ಲ.

ಇದನ್ನೆಲ್ಲ ಇಷ್ಟು ಉದ್ದ ಯಾಕೆ ಹೇಳುತ್ತಿದ್ದೇನೆ ಅಂದರೆ, 2018ರಲ್ಲಿ ನನ್ನ ಮೇಲೇ ಇದು ಬಂತು. ನಾನಿದ್ದ ಕಂಪನಿಯಲ್ಲಿ ಮೊದಲಿದ್ದ ಮ್ಯಾನೇಜರ್ ಬೋಚಿ ಥರ. ನನಗೆ ಡೇಟಾಬೇಸ್ ಕೆಲಸ ಕೊಟ್ಟಿದ್ದರು. ನಿಧಾನ ಆಗುತ್ತಿದ್ದ ಕ್ವೆರಿಗಳನ್ನು ಸರಿಮಾಡುವುದು, ರಾತ್ರಿ ರಿಲೀಸ್ ಇದ್ದರೆ ಕಾಯುವುದು. ಅದನ್ನು ನಾನು ಚೆನ್ನಾಗಿ ಮಾಡುತ್ತಿದ್ದೆ, ಇವತ್ತೂ ಧೈರ್ಯವಾಗಿ ಹೇಳುತ್ತೇನೆ. ಆಮೇಲೆ ಬಂದವರಿಗೆ ಸಣ್ಣ ತಂಡ ಬೇಕಿತ್ತು, ಎಲ್ಲರೂ ಎಲ್ಲ ಕೆಲಸ ಮಾಡಬೇಕಿತ್ತು. ಒಂದು ಬೆಳಗ್ಗೆ ಕರೆದು ಲಕೋಟೆ ಕೊಟ್ಟರು.

ಎಚ್-1ಬಿ ಅನ್ನುವ ಕೆಲಸದ ವೀಸಾ ಮೇಲೆ ಇರುವವರಿಗೆ ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಇನ್ನೊಂದು ಕಂಪನಿ ನಿನ್ನ ಹೆಸರಲ್ಲಿ ಅರ್ಜಿ ಹಾಕಬೇಕು, ಇಲ್ಲ ಗಂಟುಮೂಟೆ ಕಟ್ಟಬೇಕು. ನನ್ನ ತಂಗಿಯ ಮದುವೆ ಶಿವಮೊಗ್ಗದಲ್ಲಿ ಅದೇ ಹೊತ್ತಿಗೆ ಇತ್ತು. ಹೊಸ ಕೆಲಸವೇನೋ ಸಿಕ್ಕಿತು, ಆದರೆ ಅರ್ಜಿ ಇನ್ನೂ ಮಂಜೂರಾಗಿರಲಿಲ್ಲ. ಆಗ ದೇಶ ಬಿಟ್ಟರೆ ಚೆನ್ನೈಗೆ ಹೋಗಿ ಹೊಸದಾಗಿ ವೀಸಾ ಸ್ಟ್ಯಾಂಪ್ ಹಾಕಿಸಿಕೊಂಡು ಬರಬೇಕು. ಯಾವಾಗ ಆಗುತ್ತದೋ, ಆಗುತ್ತದೋ ಇಲ್ಲವೋ. ವಕೀಲರು ಹೋಗಬೇಡಿ ಅಂದರು. ನಾನು ಹೋಗಲಿಲ್ಲ.

ಧಾರೆ ಎರೆಯುವುದನ್ನು ಇಲ್ಲಿ ರಾತ್ರಿ ಕೂತು ಫೋನಿನಲ್ಲಿ ನೋಡಿದೆ. ಅಪ್ಪ ಪಂಚೆ ಸರಿಮಾಡಿಕೊಳ್ಳುತ್ತಾ ಕ್ಯಾಮೆರಾ ಕಡೆ ತಿರುಗಿ ಕೈ ಬೀಸಿದರು. ಕೆಲಸ ಹೋದ ವಿಷಯ ಮನೆಯಲ್ಲಿ ಹೇಳಿರಲಿಲ್ಲ. ರಜೆ ಸಿಗಲಿಲ್ಲ ಅಂದಿದ್ದೆ. ದುಡ್ಡಿನ ಆಸೆಗೆ ತಂಗಿ ಮದುವೆಗೂ ಬರಲಿಲ್ಲ ಅಂತ ನೆಂಟರು ಆಡಿಕೊಂಡರು. ಅಮ್ಮ ಅದನ್ನೆಲ್ಲ ಕೇಳಿಸಿಕೊಂಡು ಸುಮ್ಮನಿದ್ದರು. ಮದುವೆ ಆಲ್ಬಮ್‌ನಲ್ಲಿ ನಾನಿಲ್ಲ. ಊರಿಗೆ ಹೋದಾಗ ಯಾರಾದರೂ ಅದನ್ನು ತೆಗೆದರೆ ಎದ್ದು ಅಡುಗೆಮನೆಗೆ ಹೋಗುತ್ತೇನೆ.

ಅದಕ್ಕಿಂತ ಜಾಸ್ತಿ ಕಾಡಿದ್ದು ಇನ್ನೊಂದು. ಎಷ್ಟೋ ತಿಂಗಳು ನನಗೆ ಏನೂ ಬರುವುದಿಲ್ಲ ಅಂತಲೇ ಅನ್ನಿಸುತ್ತಿತ್ತು. ಹೊಸ ಕಂಪನಿಯಲ್ಲಿ ಮೊದಲ ವಾರವೇ ಅಲ್ಲಿನ ಮ್ಯಾನೇಜರ್, ಈ ಕೆಲಸ ಗೊತ್ತಿರುವವರಿಗಾಗಿ ತುಂಬ ದಿನದಿಂದ ಹುಡುಕುತ್ತಿದ್ದೆ ಅಂದರು. ಕೆಲಸ ಅದೇ, ಮಾಡುವವಳು ಅವಳೇ. ಒಬ್ಬರ ಪಟ್ಟಿಯಲ್ಲಿ ಜಾಗ ಇರಲಿಲ್ಲ, ಇನ್ನೊಬ್ಬರು ಕಾದು ಕೂತಿದ್ದರು. ಪಟ್ಟಿಯಲ್ಲಿ ಹೆಸರಿಲ್ಲ ಅಂದರೆ ಯೋಗ್ಯತೆ ಇಲ್ಲ ಅಂತಲ್ಲ ತಮ್ಮಾ. ಇದನ್ನು ನನಗೆ ಆಗಲೇ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು.

ನಿನ್ನ ಹೊಸ ಮ್ಯಾನೇಜರ್ ಬಂದಾಗ, ಹಿಂದಿನ ಕಡೆಯಿಂದ ಯಾರನ್ನು ಜೊತೆಗೆ ಕರೆದುಕೊಂಡು ಬರುತ್ತಾರೆ ಅಂತ ನೋಡು. ಅದರಲ್ಲಿ ಅರ್ಧ ಗೊತ್ತಾಗುತ್ತದೆ. ಮೊದಲ ಸಲ ಇಬ್ಬರೇ ಮಾತಾಡುವಾಗ, ಈ ತಂಡದಲ್ಲಿ ನಿಮಗೆ ಏನು ಕಡಿಮೆ ಅನ್ನಿಸುತ್ತಿದೆ ಅಂತ ಕೇಳು. ನಮ್ಮ ಕಡೆ ದೊಡ್ಡವರನ್ನು ಹಾಗೆ ಕೇಳುವುದು ಸರಿಯಲ್ಲ ಅನ್ನಿಸುತ್ತದೆ, ಇಲ್ಲಿ ಕೇಳಬೇಕು. ವೀಸಾ ಅರ್ಜಿ ಮಂಜೂರಾದ ಐ-797, ದೇಶದೊಳಗೆ ಬಂದ ದಾಖಲೆ ಐ-94, ಸಂಬಳದ ಚೀಟಿ, ಎಲ್ಲ ಒಂದು ಫೈಲ್‌ನಲ್ಲಿ ಇಡು. ಆರು ತಿಂಗಳ ಬಾಡಿಗೆಯಷ್ಟು ಕೈಯಲ್ಲಿರುವ ತನಕ ದೊಡ್ಡ ಸಾಲ ಮಾಡಬೇಡ. ಏನಾದರೂ ಆದರೆ ಮನೆಯಲ್ಲಿ ಹೇಳು.

ಇನ್ನು ಜೈಂಟ್ಸ್‌ನ ಹೊಸ ಮ್ಯಾನೇಜರ್ ಟೋನಿ ವಿಟೆಲ್ಲೋ ವಿಷಯ. ಟೆನೆಸ್ಸಿ ಯೂನಿವರ್ಸಿಟಿ ತಂಡವನ್ನು 2024ರಲ್ಲಿ ಚಾಂಪಿಯನ್ ಮಾಡಿದವರು. ದೊಡ್ಡ ಲೀಗ್‌ನ ಅನುಭವ ಏನೂ ಇಲ್ಲದೆ ನೇರ ಕಾಲೇಜಿನಿಂದ ಬಂದಿದ್ದಾರೆ. ಅರ್ಧ ತಂಡ ಬದಲಾಗುತ್ತದೆ ಅನ್ನುವುದನ್ನು ನಾನು ನಂಬುವುದಿಲ್ಲ. ಈಗ ಮೇಲಿನ ಆಫೀಸಿನಲ್ಲಿ ಇರುವುದು ಬಸ್ಟರ್ ಪೋಸಿ, ಬೋಚಿಯ ಕೈಕೆಳಗೆ ಕ್ಯಾಚರ್ ಆಗಿದ್ದವರು. ವಿಲ್ಲಿ ಅಡಾಮೆಸ್ ಅನ್ನುವ ಆಟಗಾರನಿಗೆ ಏಳು ವರ್ಷಕ್ಕೆ 182 ಮಿಲಿಯನ್ ಕೊಟ್ಟಿದ್ದಾರೆ, ಬಾಸ್ಟನ್‌ನಿಂದ ರಫಾಯೆಲ್ ಡೆವರ್ಸ್‌ನನ್ನು ತಂದಿದ್ದಾರೆ. ಇವರೆಲ್ಲ ದಿನವೂ ಆಡುವವರು, ಯಾವ ಮ್ಯಾನೇಜರ್ ಬಂದರೂ ಕೂರಿಸುವುದಿಲ್ಲ. ಬದಲಾದರೆ ಆ ಮೂರು ಬೆಂಚಿನ ಜಾಗ ಮತ್ತು ಬುಲ್‌ಪೆನ್. ಕಾಲೇಜಿನಲ್ಲಿ ಕೊನೆಯ ಟೂರ್ನಿಗಳನ್ನು ಬಿಟ್ಟರೆ ಒಂದು ಸೀಸನ್‌ಗೆ ಹೆಚ್ಚೆಂದರೆ 56 ಪಂದ್ಯ, ಮುಖ್ಯವಾದವು ವಾರದ ಕೊನೆಯಲ್ಲಿ. ಇಲ್ಲಿ 162, ಹೆಚ್ಚುಕಡಿಮೆ ದಿನವೂ ಆಟ. ಪಿಚರ್‌ಗಳನ್ನು ಅಷ್ಟು ಪಂದ್ಯಕ್ಕೆ ಹಂಚುವುದು ಅವರಿಗೆ ಹೊಸದು. ಸ್ಯಾಕ್ರಮೆಂಟೋ ಹುಡುಗರಿಗೆ ಈ ವರ್ಷ ಓಡಾಟ ಜಾಸ್ತಿ ಇರುತ್ತದೆ ಅಂತ ನನ್ನ ಊಹೆ. ಊಟದ ಹೊತ್ತಿನ ಮಾತಿಗೆ ಇಷ್ಟು ಸಾಕು ನಿನಗೆ.

ಏಪ್ರಿಲ್‌ನಲ್ಲಿ ಮಧ್ಯಾಹ್ನದ ಪಂದ್ಯ ಇರುವ ದಿನ ನೋಡಿ ಟಿಕೆಟ್ ತೆಗೆಯುತ್ತೇನೆ. ಸನ್ನಿವೇಲ್‌ನಿಂದ ಕ್ಯಾಲ್‌ಟ್ರೇನ್ ಹತ್ತು, ಕೊನೆಯ ಸ್ಟೇಷನ್‌ನಲ್ಲಿ ಇಳಿದರೆ ಸ್ಟೇಡಿಯಂ ನಡೆದು ಹೋಗುವಷ್ಟು ಹತ್ತಿರ. ಮನೆಯ ತಿಂಡಿ ಒಳಗೆ ಬಿಡುತ್ತಾರೆ, ಚಿತ್ರಾನ್ನ ನಾನು ತರುತ್ತೇನೆ. ನೀನು ದಪ್ಪ ಜಾಕೆಟ್ ತಗೊಂಡು ಬಾ. ಬಿಸಿಲಿದೆ ಅಂತ ನಂಬಿ ಬಂದರೆ ಆ ಕಡಲಗಾಳಿಗೆ ಮೂರನೇ ಇನ್ನಿಂಗ್ಸ್ ಹೊತ್ತಿಗೆ ನಡುಗುತ್ತೀಯ.