ಓದುಗರ ಪ್ರಶ್ನೆ: ಹ್ಯಾರಿ ಪಾಟರ್ ಮೇಲಿನ ತಕರಾರುಗಳು

1997ರಿಂದ 2007ರವರೆಗೆ ಬಂದ ಏಳು ಪುಸ್ತಕಗಳ ಹ್ಯಾರಿ ಪಾಟರ್ ಸರಣಿಯ ಬಗ್ಗೆ ಬಂದ ಆಕ್ಷೇಪಗಳಲ್ಲಿ ಆಯ್ದ ಐದಕ್ಕೆ ಇಲ್ಲಿ ಉತ್ತರವಿದೆ. ಕೊನೆಯ ಪುಸ್ತಕದ ಗುಟ್ಟೂ ಬಯಲಾಗುತ್ತದೆ, ಓದದವರು ಎಚ್ಚರ.

ಪ್ರಶ್ನೆ: ಪೊರಕೆಯ ಮೇಲೆ ಹಾರುತ್ತ ಆಡುವ ಕ್ವಿಡಿಚ್‌ನಲ್ಲಿ ಒಂದು ಗೋಲಿಗೆ 10 ಅಂಕ, ಒಬ್ಬ ಆಟಗಾರ ಸ್ನಿಚ್ ಎಂಬ ಹಾರುವ ಪುಟ್ಟ ಚೆಂಡನ್ನು ಹಿಡಿದರೆ 150. ಹಾಗಾದರೆ ಉಳಿದ ಆರು ಆಟಗಾರರು ಯಾಕೆ ಬೇಕು?

ಉತ್ತರ: ಒಂದೇ ಪಂದ್ಯವನ್ನು ನೋಡಿದರೆ ನಿಮ್ಮ ಮಾತು ಸರಿ. ಸ್ನಿಚ್ ಸಿಕ್ಕ ಕೂಡಲೇ ಆಟ ಮುಗಿಯುತ್ತದೆ. ಎದುರಾಳಿ ಕನಿಷ್ಠ 16 ಗೋಲು ಮುಂದಿದ್ದರಷ್ಟೇ ಅದನ್ನು ಹಿಡಿದ ತಂಡ ಸೋಲುವುದು. ನಾಲ್ಕನೇ ಪುಸ್ತಕದ ವಿಶ್ವಕಪ್‌ನಲ್ಲಿ ಹಾಗೆಯೇ ಆಗುತ್ತದೆ: ಸ್ನಿಚ್ ಹಿಡಿದವನು ಬಲ್ಗೇರಿಯಾದ ಕ್ರಮ್, 170–160ರಿಂದ ಗೆದ್ದಿದ್ದು ಐರ್ಲೆಂಡ್. ಆದರೆ ಶಾಲೆಯ ಕಪ್ಪಿಗೆ ಎಲ್ಲ ಪಂದ್ಯಗಳ ಅಂಕವನ್ನೂ ಕೂಡಿಸುತ್ತಾರೆ. ಮೂರನೇ ಪುಸ್ತಕದ ಕೊನೆಯ ಪಂದ್ಯಕ್ಕೆ ಮೊದಲು ಎದುರಾಳಿ ತಂಡ ಸ್ಲಿದರಿನ್ 200 ಅಂಕ ಮುಂದಿರುತ್ತದೆ. ಹಾಗಾಗಿ ಹ್ಯಾರಿಯ ತಂಡ ಗ್ರಿಫಿಂಡಾರ್ 50ಕ್ಕಿಂತ ಹೆಚ್ಚು ಅಂಕ ಮುಂದಾಗುವ ತನಕ ಸ್ನಿಚ್ ಕಂಡರೂ ಹ್ಯಾರಿ ಹಿಡಿಯುವಂತಿಲ್ಲ. ಹಿಡಿದರೆ ಪಂದ್ಯ ಗೆದ್ದು ಕಪ್ ಕಳೆದುಕೊಂಡಂತೆ. ಅಲ್ಲಿ ಒಂದೊಂದು ಗೋಲೂ ಲೆಕ್ಕಕ್ಕೆ ಬರುತ್ತದೆ, ಆಟ ರೋಚಕವಾಗುವುದೂ ಅದರಿಂದಲೇ. ಈ ಲೆಕ್ಕವನ್ನು ಲೇಖಕಿ ಮೊದಲಿನಿಂದಲೂ ಮುಂದಿಟ್ಟಿದ್ದರೆ ನಿಮ್ಮ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ.

ಪ್ರಶ್ನೆ: ಕಾಲದಲ್ಲಿ ಹಿಂದಕ್ಕೆ ಹೋಗಲು ಟೈಮ್ ಟರ್ನರ್ ಇದೆ. ಹ್ಯಾರಿಯ ಅಪ್ಪ ಅಮ್ಮನನ್ನು ಯಾಕೆ ಉಳಿಸಲಿಲ್ಲ?

ಉತ್ತರ: ನಮಗೆ ಅತಿ ಹೆಚ್ಚು ಬಂದ ತಕರಾರು ಇದೇ, ಅರ್ಧ ತಪ್ಪಾಗಿರುವುದೂ ಇದೇ. ಮೂರನೇ ಪುಸ್ತಕದಲ್ಲಿ ಹ್ಯಾರಿಯ ಗೆಳತಿ ಹರ್ಮಾಯನಿ ಅದನ್ನು ಮೂರು ಸುತ್ತು ತಿರುಗಿಸಿ ಅವನೊಡನೆ ಮೂರು ಗಂಟೆ ಹಿಂದಕ್ಕೆ ಹೋಗುತ್ತಾಳಲ್ಲ, ಆ ಅಧ್ಯಾಯಗಳನ್ನು ಇನ್ನೊಮ್ಮೆ ಓದಿ. ನಡೆದು ಹೋದ ಒಂದು ಘಟನೆಯೂ ಅಲ್ಲಿ ಬದಲಾಗುವುದಿಲ್ಲ. ಮೊದಲ ಸಲ ಕೊಡಲಿಯ ಸದ್ದು ಕೇಳಿದಾಗ ಮರಣದಂಡನೆಗೆ ಗುರಿಯಾದ ಬಕ್‌ಬೀಕ್ ಎಂಬ ಮಾಂತ್ರಿಕ ಪ್ರಾಣಿ ಸತ್ತಿತೆಂದು ಮಕ್ಕಳು ತಿಳಿಯುತ್ತಾರೆ. ಅಸಲಿಗೆ ಅದು ಆಗಲೇ ತಪ್ಪಿಸಿಕೊಂಡಾಗಿತ್ತು, ಸಿಟ್ಟಿಗೆದ್ದ ಕಟುಕ ಕೊಡಲಿಯನ್ನು ಬೇಲಿಗೆ ಬೀಸಿದ್ದ. ಸರೋವರದ ಆಚೆ ದಡದಿಂದ ಹ್ಯಾರಿಯನ್ನು ಕಾಪಾಡಿದವನೂ ಹಿಂದಕ್ಕೆ ಬಂದ ಹ್ಯಾರಿಯೇ. ಈ ನಿಯಮದ ಪ್ರಕಾರ ಸತ್ತವರು ಸತ್ತವರೇ. ಹಿಂದಕ್ಕೆ ಹೋದರೂ ಫಲವಿಲ್ಲ.

ನಿಜವಾದ ಬಿರುಕು ಬೇರೆ ಕಡೆ ಇದೆ. ಅದೇ ಅಧ್ಯಾಯದಲ್ಲಿ ಹರ್ಮಾಯನಿ, ಹೀಗೆ ಹೋದ ಎಷ್ಟೋ ಮಾಂತ್ರಿಕರು ಹಿಂದಿನ ಅಥವಾ ಮುಂದಿನ ತಮ್ಮನ್ನೇ ಕೊಂದುಕೊಂಡಿದ್ದಾರೆ ಎನ್ನುತ್ತಾಳೆ. ಮುಂದಿನವನನ್ನು ಕೊಂದದ್ದು ಸರಿ, ಅದರಲ್ಲಿ ತೊಡಕಿಲ್ಲ. ಹಿಂದಿನವನನ್ನೇ ಕೊಂದರೆ, ಹಿಂದಕ್ಕೆ ಬಂದು ಕೊಂದವನು ಯಾರು? ಆ ಒಂದು ಸಾಲಿನಿಂದ ಭೂತಕಾಲವನ್ನು ಬದಲಿಸಬಹುದು ಎಂದಾಗುತ್ತದೆ, ಕಥೆಯುದ್ದಕ್ಕೂ ಬಿಗಿಯಾಗಿ ಕಟ್ಟಿದ ಕಟ್ಟು ಸಡಿಲವಾಗುತ್ತದೆ. ಐದನೇ ಪುಸ್ತಕದ ಕಾದಾಟದಲ್ಲಿ ಮಾಂತ್ರಿಕರ ಸಚಿವಾಲಯದ ಟೈಮ್ ಟರ್ನರ್‌ಗಳ ಕಪಾಟು ಒಡೆಯುತ್ತದೆ. ಇದ್ದಬದ್ದದ್ದೆಲ್ಲ ನಾಶವಾಯಿತೆಂದು ಆರನೆಯದರಲ್ಲಿ ಹೇಳಿಸಲಾಗಿದೆ. ಉಪಕರಣವನ್ನೇ ಇಲ್ಲವಾಗಿಸಿದರೆ ಪ್ರಶ್ನೆ ನಿಲ್ಲುತ್ತದೆ, ಪರಿಹಾರ ಸಿಗುವುದಿಲ್ಲ.

ಪ್ರಶ್ನೆ: ಕೊನೆಯಲ್ಲಿ ಎಲ್ಲಕ್ಕಿಂತ ಬಲಶಾಲಿಯಾದ ಎಲ್ಡರ್ ಮಂತ್ರದಂಡ ಹ್ಯಾರಿಯದಾಗಿದ್ದು ಹೇಗೆ? ಅವನು ಅದನ್ನು ಮುಟ್ಟಿಯೇ ಇರಲಿಲ್ಲ.

ಉತ್ತರ: ಒಡೆಯನನ್ನು ಸೋಲಿಸಿದವನಿಗೆ ದಂಡದ ನಿಷ್ಠೆ ಸಲ್ಲುತ್ತದೆ, ಸರಪಳಿ ಹೀಗಿದೆ. ಶಾಲೆಯ ಗೋಪುರದ ಮೇಲೆ ಹ್ಯಾರಿಯ ಎದುರಾಳಿ ಸಹಪಾಠಿ ಡ್ರೇಕೋ, ಮುಖ್ಯೋಪಾಧ್ಯಾಯ ಡಂಬಲ್‌ಡೋರ್ ಕೈಯಿಂದ ಆ ದಂಡವನ್ನು ಹಾರಿಸುತ್ತಾನೆ. ದಂಡದ ನಿಷ್ಠೆ ಅವನಿಗೆ ಬರುತ್ತದೆ, ಅವನಿಗೇ ಗೊತ್ತಿಲ್ಲದಂತೆ. ಮುಂದೆ ಹ್ಯಾರಿ ಡ್ರೇಕೋನ ಸ್ವಂತ ದಂಡವನ್ನು ಕಿತ್ತುಕೊಂಡಾಗ ಆ ನಿಷ್ಠೆಯೂ ಜೊತೆಗೆ ಬರುತ್ತದೆ. ಡಂಬಲ್‌ಡೋರ್‌ನ ಸಮಾಧಿಯಿಂದ ಅದನ್ನು ಕದ್ದ ಖಳನಾಯಕ ವೋಲ್ಡೆಮಾರ್ಟ್ ಯಾರನ್ನೂ ಗೆದ್ದಿರಲಿಲ್ಲ.

ಲೆಕ್ಕ ಕೂಡುತ್ತದೆ, ಮನಸ್ಸು ಒಪ್ಪುವುದಿಲ್ಲ. ಎರಡನೇ ಪುಸ್ತಕದಲ್ಲಿ ಅಧ್ಯಾಪಕ ಸ್ನೇಪ್ ಎಲ್ಲರೆದುರು ಇನ್ನೊಬ್ಬ ಅಧ್ಯಾಪಕ ಲಾಕ್‌ಹಾರ್ಟ್‌ನ ದಂಡ ಹಾರಿಸುತ್ತಾನೆ. ಐದನೆಯದರಲ್ಲಿ ಮಕ್ಕಳು ಜೋಡಿಜೋಡಿಯಾಗಿ ಅದನ್ನೇ ಅಭ್ಯಾಸ ಮಾಡುತ್ತಾರೆ. ಆಗೆಲ್ಲ ಯಾವ ದಂಡವೂ ಒಡೆಯನನ್ನು ಬದಲಿಸಿದ ಸುಳಿವಿಲ್ಲ. ಕಿತ್ತುಕೊಂಡ ರೀತಿಯ ಮೇಲೂ ಆಯಾ ದಂಡದ ಮೇಲೂ ಇದು ನಿಂತಿದೆ ಎಂದು ದಂಡ ತಯಾರಕ ಆಲಿವಾಂಡರ್ ಸಮಜಾಯಿಷಿ ಕೊಡುತ್ತಾನೆ, ಅಭ್ಯಾಸ ಬೇರೆ ಯುದ್ಧ ಬೇರೆ ಎಂದು ಸಮರ್ಥಿಸಲೂಬಹುದು. ಆದರೆ ಆ ಮಾತು ಬರುವುದು ಏಳನೇ ಪುಸ್ತಕದ ಉತ್ತರಾರ್ಧದಲ್ಲಿ. ಅಂತಿಮ ಕಾಳಗವನ್ನು ನಿರ್ಧರಿಸುವ ನಿಯಮವನ್ನು ಕಾಳಗದ ಹೊಸ್ತಿಲಲ್ಲಿ ಹೇಳಬಾರದು. ಐದನೇ ಪುಸ್ತಕದ ಆ ಅಭ್ಯಾಸದಲ್ಲಿ ಒಬ್ಬ ಹುಡುಗನ ದಂಡ ಮರುದಿನ ಸರಿಯಾಗಿ ಮಾತು ಕೇಳದೇ ಹೋಗಿದ್ದರೆ ಸಾಕಿತ್ತು. ಎರಡು ಸಾಲಿನ ಕೆಲಸ.

ಪ್ರಶ್ನೆ: ನಾಲ್ಕನೇ ಪುಸ್ತಕದಲ್ಲಿ ವೋಲ್ಡೆಮಾರ್ಟ್‌ನ ದಂಡದಿಂದ ಸತ್ತವರ ನೆರಳುಗಳು ಹಿಮ್ಮುಖ ಕ್ರಮದಲ್ಲಿ ಹೊರಬರುತ್ತವೆ. ಹ್ಯಾರಿಯ ತಂದೆ ತಾಯಿಯರಲ್ಲಿ ಕೊನೆಗೆ ಸತ್ತವಳು ತಾಯಿ, ಮೊದಲು ಬರುವುದು ತಂದೆ. ತಪ್ಪಲ್ಲವೇ?

ಉತ್ತರ: ತಪ್ಪೇ. ನಿಮ್ಮ ಹತ್ತಿರ ಇರುವುದು 2000ದ ಮೊದಮೊದಲ ಮುದ್ರಣ. ಮುಂದಿನ ಮುದ್ರಣಗಳಲ್ಲಿ ಅದನ್ನು ತಿದ್ದಿ ತಾಯಿಯನ್ನು ಮುಂದೆ ತಂದಿದ್ದಾರೆ. ಇಂಥ ದೋಷ ಎತ್ತಿ ಬರೆಯುವವರು ಮುದ್ರಣದ ವರ್ಷವನ್ನೂ ಅಧ್ಯಾಯವನ್ನೂ ಸೂಚಿಸಿ. ಬರೀ ಪುಟಸಂಖ್ಯೆ ಕೊಟ್ಟರೆ ಬ್ರಿಟನ್ ಮತ್ತು ಅಮೆರಿಕ ಆವೃತ್ತಿಗಳ ಪುಟಗಳು ಹೊಂದುವುದಿಲ್ಲ.

ಪ್ರಶ್ನೆ: ಐದನೇ ಪುಸ್ತಕ ಯಾಕಿಷ್ಟು ಎಳೆದಿದೆ?

ಉತ್ತರ: ಬ್ರಿಟನ್ ಆವೃತ್ತಿಯಲ್ಲಿ ಮೊದಲನೆಯದು 223 ಪುಟ, ಐದನೆಯದು 766. ಸಚಿವಾಲಯದಿಂದ ಬಂದ ಅಧ್ಯಾಪಕಿ ಅಂಬ್ರಿಜ್ ಒಂದೊಂದೇ ಆದೇಶ ಹೊರಡಿಸಿ ಶಾಲೆಯನ್ನು ಹಿಡಿತಕ್ಕೆ ತೆಗೆದುಕೊಳ್ಳುವ ಭಾಗಕ್ಕೆ ಆ ನಿಧಾನ ಬೇಕು. ಉಸಿರು ಕಟ್ಟುವುದು ಅದರಿಂದಲೇ. ಹ್ಯಾರಿಯ ಸ್ನೇಹಿತನಾದ ಅಧ್ಯಾಪಕ ಹ್ಯಾಗ್ರಿಡ್ ದೈತ್ಯರ ನಾಡಿಗೆ ಹೋಗಿ ಬಂದ ವರದಿ ಹಾಗಲ್ಲ. ನಡೆದದ್ದನ್ನು ಕೂತು ಹೇಳುವ ಆ ಅಧ್ಯಾಯದಲ್ಲಿ ಕಣ್ಣೆದುರು ಏನೂ ನಡೆಯುವುದಿಲ್ಲ. ಕತ್ತರಿ ನಮ್ಮ ಕೈಯಲ್ಲಿದ್ದಿದ್ದರೆ ಮೊದಲು ಅಲ್ಲಿಗೇ ಹಾಕುತ್ತಿದ್ದೆವು.